ಒಂದೇ ಸೀಟಿಯ ಹುರಳಿ ಸಾರು

ಮಕ್ತಲ್ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಶಿವಶಂಕರಪ್ಪನ ಗಂಟಲು ಸುತ್ತಲಿನ ಊರುಗಳಿಗೆಲ್ಲ ಪರಿಚಿತ. ನಾರಾಯಣಪೇಟೆ, ರಾಯಚೂರು, ಆತ್ಮಕೂರು, ಗದ್ವಾಲ, ಬಸ್ಸು ಎಲ್ಲಿಗೇ ಹೋಗಲಿ, ಅವನು ತನ್ನ ಕೋಣೆಯಲ್ಲಿ ಕೂತು ಮೈಕಿಗೆ ಬಾಯಿ ಹಚ್ಚಿ ಒಮ್ಮೆ ತೆಲುಗಿನಲ್ಲಿ, ಒಮ್ಮೆ ಕನ್ನಡದಲ್ಲಿ ಕೂಗಿದನೆಂದರೆ ಚಹಾದಂಗಡಿಯಲ್ಲಿದ್ದವರು ಅರ್ಧ ಕಪ್ಪು ಬಿಟ್ಟು ಓಡಿ ಬರುತ್ತಿದ್ದರು. ಇಷ್ಟೊಂದು ಜನರನ್ನು ಕರೆದ ಆ ಗಂಟಲಿಗೆ ಸ್ವಂತ ಹೆಂಡತಿಯನ್ನು ‘ಮನೆಗೆ ಬಾ’ ಎಂದು ಕರೆಯಲು ಆಗಲಿಲ್ಲ. (ಗಂಟಲಿನ ತಪ್ಪಲ್ಲ. ಗಂಟಲಿನ ಯಜಮಾನನ ತಪ್ಪು.)

ಎಲ್ಲ ಶುರುವಾದದ್ದು ಒಂದು ಸಂಜೆಯ ಹುರಳಿ ಸಾರಿನಿಂದ. ಮಗಳು ಮದುವೆಯಾಗಿ ಐಜಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿದವರು ಇಬ್ಬರೇ. ಇಬ್ಬರಿಗೆ ಸಂಜೆ ಹೊತ್ತು ಎಂಥ ದೊಡ್ಡ ಅಡುಗೆ ಅಂತ ಚನ್ನವೀರಮ್ಮ ವಾರವೆಲ್ಲ ಕಾಳಿನ ಮೇಲೆಯೇ ಸಂಸಾರ ಸಾಗಿಸುತ್ತಿದ್ದಳು. ಇಂದು ಹೆಸರು, ನಾಳೆ ಮಡಕಿ, ನಾಡಿದ್ದು ಅಲಸಂದಿ, ಅದರ ಮರುದಿನ ಹುರಳಿ. ಬೆಳಿಗ್ಗೆ ನೆನೆ ಹಾಕುವುದು, ಸಂಜೆ ಬೇಯಿಸುವುದು, ಬಸಿದ ನೀರಿಗೆ ಬೆಳ್ಳುಳ್ಳಿ, ಒಣಕೊಬ್ಬರಿ ಅರೆದು ಹಾಕಿ ಕಟ್ಟಿನ ಸಾರು ಮಾಡುವುದು, ಉಳಿದ ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ ಮಾಡುವುದು. ಜೊತೆಗೆ ಜೋಳದ ರೊಟ್ಟಿ. ಊಟಕ್ಕೆ ಕೂತರೆ ಶಿವಶಂಕರಪ್ಪ ಎರಡು ಸಲ ಹಾಕಿಸಿಕೊಳ್ಳುತ್ತಿದ್ದ, ಎದ್ದ ಮೇಲೆ ದೂರುತ್ತಿದ್ದ. ಆ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಪ್ರಯಾಣಿಕ ಜಗಳ ತೆಗೆದಿದ್ದನಂತೆ. ಆ ಸಿಟ್ಟು ಮನೆಗೆ ಬಂದು ಸಾರಿನ ಮೇಲೆ ಇಳಿಯಿತು.

“ದಿನಾ ಕಾಳು, ದಿನಾ ಕಾಳು. ಅದನ್ನರ ಒಂದ ಸಲ ಕುದಿಸಿ ಬಿಡ್ತೀಯೇನು, ಮೂರ್ ಮೂರ್ ಸಲ ಕುದಿಸಿ ಗಟ್ಟಿ ಮಾಡ್ತಿ,” ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. “ಕಾಳು ಕುದಿಸೋದು ಒಂದು ಕೆಲಸೇನು? ನೀರು ಹಾಕಬೇಕು, ಕಾಳು ಹಾಕಬೇಕು, ಖಾರ ಹಾಕಬೇಕು. ನಾನಾದ್ರ ಡ್ಯೂಟಿ ಮುಗಿಸಿ ಬಂದು ಒಂದ ಕೈಯಾಗ ಮಾಡ್ತೀನಿ.”

ಸಿಟ್ಟು ಬಂದರೆ ಚನ್ನವೀರಮ್ಮನ ಮಾತು ಕಡಿಮೆಯಾಗುತ್ತದೆ, ಶಿವಶಂಕರಪ್ಪನ ಮಾತು ಹೆಚ್ಚಾಗುತ್ತದೆ. ಹೀಗಾಗಿ ಆ ಮನೆಯ ಒಟ್ಟು ಮಾತಿನ ಪ್ರಮಾಣ ಯಾವಾಗಲೂ ಒಂದೇ ಇರುತ್ತಿತ್ತು. ಅವಳು ತಟ್ಟೆ ಎತ್ತಿದಳು. ಮರುದಿನ ಅವಳ ತವರೂರು ಗಟ್ಟಿನಲ್ಲಿ ಅಣ್ಣ ಶರಣಯ್ಯನ ಮೊಮ್ಮಗನ ಜಾವಳ, ಅಂದರೆ ಕೂದಲು ತೆಗೆಸುವ ಶಾಸ್ತ್ರ, ಇತ್ತು. ಹೋಗುವುದು ಮೊದಲೇ ಗೊತ್ತಾಗಿದ್ದದ್ದು. ಗದ್ವಾಲದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿ ಶಿವಶಂಕರಪ್ಪ ಯಾವಾಗ ಬರುತ್ತೀ ಎಂದು ಕೇಳಿದ. ಅವಳು ಸೆರಗು ಸರಿಮಾಡಿಕೊಂಡು, “ಕರದ್ರ ಬರ್ತೀನಿ,” ಎಂದಳು.

ಇದು ಬರೀ ಸಿಟ್ಟಿನ ಮಾತಾಗಿರಲಿಲ್ಲ. ಗಟ್ಟಿನ ಆ ಮನೆಯಲ್ಲಿ ಹಿಂದಿನಿಂದ ಒಂದು ರಿವಾಜು. ತವರಿಗೆ ಬಂದ ಮಗಳನ್ನು ಗಂಡ ಬಂದು ‘ಕಳಿಸಿಕೊಡ್ರಿ’ ಎಂದು ಕೇಳಬೇಕು. ಆಗ ಹೋಳಿಗೆ ಊಟ ಹಾಕಿ, ಮಗಳ ಉಡಿ ತುಂಬಿ ಕಳಿಸುತ್ತಾರೆ. ಕರೆಯದೆ ತಾನಾಗಿ ಎದ್ದು ಹೋದವಳನ್ನು ಬಾವಿಯ ಕಟ್ಟೆಯ ಮೇಲೆ ಆಡಿಕೊಳ್ಳುತ್ತಾರೆ. ಕಾಲ ಬದಲಾದ ಮೇಲೆ ಶರಣಯ್ಯ ಸ್ವಲ್ಪ ಸಡಿಲು ಬಿಟ್ಟು, ಫೋನಿನಲ್ಲಿ ಒಂದು ಮಾತು ಹೇಳಿದರೂ ಸಾಕು ಎಂದಿದ್ದ. ಇಷ್ಟು ವರ್ಷ ಆ ತೊಂದರೆಯೇ ಬಂದಿರಲಿಲ್ಲ. ಶಿವಶಂಕರಪ್ಪನ ಕೈಯಲ್ಲಿ ಪಾಸು ಇತ್ತು, ಬಸ್ಸು ಅವನದೇ ಎನ್ನುವ ಹಾಗಿತ್ತು, ಹೋಳಿಗೆಯ ಮೇಲೆ ಪ್ರೀತಿಯೂ ಇತ್ತು. ನಾಲ್ಕು ದಿನ ಬಿಟ್ಟು ಹೋಗಿ ಕರೆದುಕೊಂಡು ಬರುತ್ತಿದ್ದ.

ಈ ಸಲ ಅವಳು ಹೋದ ಬೆನ್ನಿಗೇ ಸಕಲ ಜನರ ಸಮ್ಮೆ, ಅಂದರೆ ಮುಷ್ಕರ, ಬಂತು. ತೆಲಂಗಾಣ ಬೇರೆ ರಾಜ್ಯವಾಗಬೇಕೆಂದು ಊರಿಗೆ ಊರೇ ಕೆಲಸ ಬಿಟ್ಟು ರಸ್ತೆಗೆ ಇಳಿಯಿತು. ಶಾಲೆಗೆ ಬೀಗ, ಕಚೇರಿಗೆ ಬೀಗ, ಕಡೆಗೆ ಬಸ್ಸೂ ನಿಂತವು. ಬಸ್‌ಸ್ಟ್ಯಾಂಡಿನ ಮುಂದೆ ಶಾಮಿಯಾನ ಹಾಕಿದರು. ನಮ್ಮ ಶಿವಶಂಕರಪ್ಪನಿಗೆ ಗಂಟಲಿದ್ದುದರಿಂದ ಮೊದಲ ದಿನವೇ ಮೈಕು ಅವನ ಕೈಗೆ ಬಂತು. ಅವನು ಎದ್ದು ನಿಂತು, ನಮ್ಮ ರಾಜ್ಯ ನಮಗೆ ಬರುವ ತನಕ ಮಕ್ತಲಿನಿಂದ ಗದ್ವಾಲದವರೆಗೆ ಒಂದು ಗಾಲಿಯೂ ತಿರುಗಬಾರದು ಎಂದು ಗುಡುಗಿದ. ಜನ ಚಪ್ಪಾಳೆ ತಟ್ಟಿದರು. ಡ್ರೈವರ್ ತಾಯಣ್ಣ, ಶಿಬಿರದ ಮುಂದಾಳು, ಅವನ ಕೊರಳಿಗೆ ಹಾರ ಹಾಕಿದ. ಹಾರ ಹಾಕಿಕೊಂಡೇ ಮನೆಗೆ ಬಂದು, ಬೀಗ ತೆಗೆದು, ಕತ್ತಲೆಯ ಅಡುಗೆಮನೆ ನೋಡಿದಾಗ ಶಿವಶಂಕರಪ್ಪನಿಗೆ ಹೊಳೆಯಿತು. ಹೆಂಡತಿಯನ್ನು ತರಬೇಕಾದ ಗಾಲಿಯೂ ಆ ಗಾಲಿಗಳಲ್ಲೇ ಸೇರಿತ್ತು.

ಹೋಟೆಲುಗಳು ಮುಚ್ಚಿದ್ದವು. ಗಾಡಿಗಳು ಬರದೆ ಸಂತೆಯಲ್ಲಿ ಕಾಯಿಪಲ್ಲೆಯೂ ಇರಲಿಲ್ಲ. ಮನೆಯಲ್ಲಿದ್ದದ್ದು ಕಾಳು. ಅವನು ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದ. ಹುಳ ಹತ್ತಬಾರದೆಂದು ಪ್ರತಿ ಡಬ್ಬಿಯಲ್ಲೂ ಚನ್ನವೀರಮ್ಮ ಒಣಗಿದ ಬೇವಿನೆಲೆ ಹಾಕಿಟ್ಟಿದ್ದಳು. ಆ ವಾಸನೆ ಮೂಗಿಗೆ ಬಡಿದ ಕೂಡಲೇ ಅವಳು ಅಲ್ಲೇ ಬೆನ್ನ ಹಿಂದೆ ನಿಂತು ‘ಮುಚ್ಚಳ ಗಟ್ಟಿ ಹಾಕ್ರಿ’ ಅಂದ ಹಾಗಾಯಿತು. ತಿರುಗಿ ನೋಡಿದ. ಗೋಡೆಗೆ ತೂಗು ಹಾಕಿದ ಜರಡಿ ಇತ್ತು ಅಷ್ಟೆ.

ಮೊದಲ ಸಾರು ಹುರಳಿಯದು. ನೀರು ಹಾಕಿದ, ಕಾಳು ಹಾಕಿದ, ಖಾರ ಹಾಕಿದ, ಕುಕ್ಕರಿನ ಮುಚ್ಚಳ ಬಿಗಿದು ಗ್ಯಾಸು ಹಚ್ಚಿದ. ಇಲ್ಲಿಯವರೆಗೆ ಅವನ ಸಿದ್ಧಾಂತದಲ್ಲಿ ಯಾವ ದೋಷವೂ ಕಾಣಲಿಲ್ಲ. ಆದರೆ ಶಿವಶಂಕರಪ್ಪ ಕಂಟ್ರೋಲರ್ ಆಗುವ ಮೊದಲು ಬಹಳ ವರ್ಷ ಕಂಡಕ್ಟರ್ ಆಗಿದ್ದ ಮನುಷ್ಯ. ಒಂದು ಸೀಟಿ ಅಂದರೆ ನಿಲ್ಲು, ಎರಡು ಸೀಟಿ ಅಂದರೆ ಹೊರಡು. ಇದು ಅವನ ರಕ್ತದಲ್ಲೇ ಬೆರೆತುಹೋಗಿತ್ತು. ಕುಕ್ಕರು ಒಂದು ಸೀಟಿ ಹಾಕಿತು. ಅವನ ಕೈ ಅವನನ್ನು ಕೇಳದೆಯೇ ಮುಂದೆ ಹೋಗಿ ಗ್ಯಾಸು ಆರಿಸಿಬಿಟ್ಟಿತು. ತಟ್ಟೆಗೆ ಬಡಿಸಿಕೊಂಡಾಗ ಹುರಳಿ ಟಣಟಣ ಎಂದು ಸದ್ದು ಮಾಡಿತು. ಒಂದನ್ನು ಕಚ್ಚಿ ನೋಡಿ ಹಲ್ಲು ಹಿಡಿದುಕೊಂಡು ಕೂತ.

ಅಷ್ಟರಲ್ಲಿ ಫೋನು ಬಂತು. ಗಟ್ಟಿನಿಂದ ಚನ್ನವೀರಮ್ಮ.

“ಊಟ ಆತೇನ್ರಿ?”

“ಆತು.”

“ಏನ್ ಮಾಡಿದ್ರಿ?”

ಶಿವಶಂಕರಪ್ಪ ತಟ್ಟೆಯ ಕಡೆ ನೋಡಿದ. ಕೆಳಗೆ ಕಾಳು, ಮೇಲೆ ಕೆಂಪು ನೀರು. ಟಿ.ವಿ.ಯಲ್ಲಿ ಯಾವತ್ತೋ ನೋಡಿದ್ದು ನೆನಪಿಗೆ ಬಂತು. “ಹುರಳಿ ಸೂಪು,” ಎಂದ.

ಸೂಪು ಅಂದರೇನು ಎಂದು ಅವಳು ಕೇಳಿದಳು. ಕಟ್ಟಿನ ಸಾರಿಗೆ ಒಗ್ಗರಣೆ ಹಾಕದಿದ್ದರೆ ಅದೇ ಸೂಪು, ದೊಡ್ಡ ದೊಡ್ಡ ಊರಿನಲ್ಲಿ ಊಟಕ್ಕೆ ಮೊದಲು ಕುಡಿಯುತ್ತಾರೆ, ಶರೀರಕ್ಕೆ ಹಗುರ ಎಂದು ಅವನು ವಿವರಿಸಿದ. ಅವಳ ಹಿಂದಿನಿಂದ ತವರಿನ ಹುಡುಗರ ಗದ್ದಲ ಕೇಳುತ್ತಿತ್ತು.

“ಮತ್ತೇನರ ಹೇಳೋದೈತೇನ್ರಿ?”

ಹೇಳುವುದು ಇತ್ತು. ಎರಡಕ್ಷರ ಹೇಳಿದ್ದರೆ ಶರಣಯ್ಯ ಮರುದಿನವೇ ಯಾವುದಾದರೂ ಜೀಪಿನಲ್ಲಿ ಅವಳನ್ನು ಕೂರಿಸುತ್ತಿದ್ದ. ಆದರೆ ಹೇಳಿದರೆ ಏನರ್ಥ? ಒಂದು ಕೈಯಲ್ಲಿ ಮಾಡುತ್ತೇನೆಂದ ಗಂಡಸು ಒಂದೇ ಸಾರಿಗೆ ಸೋತ ಎಂದರ್ಥ. ಶಿವಶಂಕರಪ್ಪ ಬಾಯಲ್ಲಿದ್ದ ಕಾಳನ್ನು ಹಾಗೇ ನುಂಗಿ, “ಏನಿಲ್ಲ,” ಎಂದ.

ಅಲ್ಲಿಂದ ಮುಂದೆ ದಿನಾ ಸಂಜೆ ಇದೇ ನಡೆಯಿತು. ಕಲ್ಲಿನಂಥ ಕಾಳಿನ ಸದ್ದು ಪಕ್ಕದ ಮನೆಯ ಎಂಕಮ್ಮನಿಗೆ ಕೇಳಿಸಿರಬೇಕು. ಅವಳು ಗೋಡೆಯ ಮೇಲಿನಿಂದ ತಲೆ ಹಾಕಿ, “ಯಣ್ಣಾ, ಮುಂಜಾನೆ ನೆನಿ ಹಾಕಿ ಹೋಗು. ಹುರಳಿಗಿ ಆರ್ ಸೀಟಿ ಬೇಕು,” ಎಂದಳು. ನೆನೆ ಹಾಕುವುದು ಸುಲಭವಾಯಿತು. ಆರು ಸೀಟಿ ಮಾತ್ರ ಪ್ರಾಣಸಂಕಟ. ಮೊದಲ ಸೀಟಿಗೆ ಕೈ ತುಡಿಯುತ್ತಿತ್ತು, ಎರಡನೆಯದಕ್ಕೆ ಕಾಲು ಹೊರಡುತ್ತಿತ್ತು. ಕಡೆಗೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಶಿಕ್ಷೆಗೆ ನಿಂತ ಶಾಲೆಯ ಹುಡುಗನಂತೆ ಗೋಡೆಗೆ ಮುಖ ಮಾಡಿ ನಿಲ್ಲತೊಡಗಿದ. ಕರೆಂಟು ಹೋಗುತ್ತಿದ್ದ ಸಂಜೆಗಳಲ್ಲಿ ಮೇಣದಬತ್ತಿ ಹಚ್ಚಿ ಹಾಗೇ ನಿಂತಿರುತ್ತಿದ್ದ. ಆ ಮನೆಯಲ್ಲಿ ಆಗ ಮಾತಾಡುತ್ತಿದ್ದದ್ದು ಕುಕ್ಕರ್ ಒಂದೇ.

ಕೆಲವು ದಿನಕ್ಕೆ ಕಾಳು ಬೇಯತೊಡಗಿತು, ಅವನು ಒಗ್ಗರಣೆಯನ್ನೂ ಕಲಿತ. ಒಮ್ಮೆ ಮೆರವಣಿಗೆಗೆಂದು ನಾರಾಯಣಪೇಟೆಗೆ ಹೋದವನು ಮರುದಿನ ತಿರುಗಿ ಬಂದು ನೋಡಿದರೆ ನೆನೆ ಹಾಕಿದ ಮಡಕಿಕಾಳಿಗೆ ಇಷ್ಟುದ್ದ ಮೊಳಕೆ ಬಂದಿತ್ತು. ಅದನ್ನೇ ಬೇಯಿಸಿ, ಬೇಕೆಂದೇ ಮೊಳಕೆ ಕಟ್ಟಿ ಉಸಳಿ ಮಾಡಿದೆನೆಂದು ಫೋನಿನಲ್ಲಿ ಹೇಳಿದ. ಹೆಸರುಕಾಳು ತಳ ಹಿಡಿದ ದಿನ ಅದಕ್ಕೆ ಹೊಗೆಯ ಘಮ ಕೊಟ್ಟೆನೆಂದ. ಅಲಸಂದಿಗೆ ಎರಡು ಸಲ ಉಪ್ಪು ಬಿದ್ದ ದಿನ, ಹೆಚ್ಚು ತಿನ್ನಬಾರದು ಅಂತ ಬಿಟ್ಟೆ ಎಂದ. ಚನ್ನವೀರಮ್ಮ ಎಲ್ಲಕ್ಕೂ ‘ಹೌದೇನ್ರಿ’ ಎನ್ನುತ್ತಿದ್ದಳು. ಅವಳ ಅತ್ತಿಗೆಯೂ ಫೋನಿಗೆ ಕಿವಿಗೊಟ್ಟು ಕೇಳಿ, ಎಂಥ ಪುಣ್ಯವಂತೆ ನೀನು ಅನ್ನುತ್ತಿದ್ದಳಂತೆ. ಕಡೆಗೆ ಅದೇ ಪ್ರಶ್ನೆ, ಅದೇ ಉತ್ತರ. ಮತ್ತೇನರ ಹೇಳೋದೈತೇನ್ರಿ? ಏನಿಲ್ಲ.

ಆದರೆ ಫೋನು ಇಟ್ಟ ಮೇಲೆ ಅವನಿಗೆ ಊಟ ಇಳಿಯುತ್ತಿರಲಿಲ್ಲ. ಸಾರು ಕೆಟ್ಟಿದೆ ಅಂತಲ್ಲ. ಉಪ್ಪು, ಹುಳಿ, ಖಾರ ಎಲ್ಲ ಇತ್ತು, ಅವಳ ಸಾರಿನ ರುಚಿ ಇರಲಿಲ್ಲ. ಎಂಕಮ್ಮನನ್ನು ಕೇಳಿ ಬೆಳ್ಳುಳ್ಳಿ ಹೆಚ್ಚು ಮಾಡಿ ನೋಡಿದ, ಒಣಕೊಬ್ಬರಿ ಸುಟ್ಟು ಹಾಕಿ ನೋಡಿದ, ಅವಳು ಬಳಸುವ ಹಳೆಯ ಹಿತ್ತಾಳೆ ಪಾತ್ರೆಯನ್ನೇ ಹುಡುಕಿ ತೆಗೆದ. ಬರಲಿಲ್ಲ. ನಾಲಿಗೆಗೆ ನೆನಪಿತ್ತು, ಕೈಗೆ ಗೊತ್ತಿರಲಿಲ್ಲ. ಹಗಲು ಶಾಮಿಯಾನದಲ್ಲಿ ಕೂತು ಬೇರೆ ರಾಜ್ಯಕ್ಕಾಗಿ ಕೂಗುತ್ತಿದ್ದ ಮನುಷ್ಯನಿಗೆ ಸಂಜೆಯಾದರೆ ಬೇಕಾಗಿದ್ದದ್ದು ಒಂದು ಬಟ್ಟಲು ಹುರಳಿ ಸಾರು, ಎದುರಿಗೆ ಕೂತು ‘ಇನ್ನೊಂದೀಟು ಹಾಕ್ಲೇನು’ ಅನ್ನುವ ಒಂದು ದನಿ. ಅವಳು ಬೇಕಾಗಿದ್ದಳು. ಅಷ್ಟೇ. ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಆ ಗಂಟಲಿಗಿರಲಿಲ್ಲ.

ಒಂದು ಸಂಜೆ ಫೋನು ಬರಲಿಲ್ಲ. ಸಾರು ಇಳಿಸಿ, ತಟ್ಟೆ ಇಟ್ಟುಕೊಂಡು, ಫೋನನ್ನು ಪಕ್ಕದಲ್ಲಿಟ್ಟು ಕೂತ. ಬಂದ ಮೇಲೆ ಉಣ್ಣೋಣ ಎಂದುಕೊಂಡ. ಸಾರು ಆರಿತು. ಬಿಸಿ ಮಾಡಿದ. ಮತ್ತೆ ಕೂತ. ತಾನೇ ಹಚ್ಚಿದರೆ ಫೋನು ಬಂದ್ ಆಗಿದೆ ಎಂದು ಹೆಣ್ಣುದನಿಯೊಂದು ತೆಲುಗಿನಲ್ಲಿ ಹೇಳಿತು. ಸಾರು ಮತ್ತೆ ಆರಿತು. ಮತ್ತೆ ಬಿಸಿ ಮಾಡಿದ. ಹಾದಿಯಲ್ಲಿ ಯಾರೋ ನಡೆದ ಸದ್ದಾದರೆ ಬಾಗಿಲ ತನಕ ಹೋಗಿ ಬಂದ. ಮೂರನೆಯ ಸಲ ಬಿಸಿ ಮಾಡಿ, ಇನ್ನು ಹಸಿವು ತಡೆಯಲಾರದೆ ಅನ್ನದ ಮೇಲೆ ಹಾಕಿಕೊಂಡು ಒಂದು ತುತ್ತು ಬಾಯಿಗಿಟ್ಟ.

ಅದು ಅವಳದೇ ಸಾರು. ಗಟ್ಟಿಯಾಗಿ, ಕಪ್ಪಗಾಗಿ, ತಳದಲ್ಲಿ ಬೆಳ್ಳುಳ್ಳಿ ಕರಗಿ, ಬೇರೆ ಯಾರ ಮನೆಯಲ್ಲೂ ಸಿಗದ ಆ ರುಚಿ.

ಶಿವಶಂಕರಪ್ಪ ತುತ್ತನ್ನು ಬಾಯಲ್ಲಿಟ್ಟುಕೊಂಡೇ ಕೂತುಬಿಟ್ಟ. ಅವನ ಡ್ಯೂಟಿ ಮುಗಿಯುವುದು ರಾಯಚೂರಿನ ಬಸ್ಸು ಬಂದ ಮೇಲೆ. ಮುಗಿದ ಮೇಲೆ ತಾಯಣ್ಣನ ಜೊತೆ ಒಂದು ಚಹಾ, ಇನ್ನೊಬ್ಬರ ಜೊತೆ ಒಂದು ಮಾತು. ಚನ್ನವೀರಮ್ಮ ಬಸ್ಸಿನ ಹಾರನ್ ಕೇಳಿ ಸಾರು ಬಿಸಿ ಮಾಡುತ್ತಿದ್ದಳು. ಅವನು ಬರುತ್ತಿರಲಿಲ್ಲ, ಸಾರು ಆರುತ್ತಿತ್ತು. ಮತ್ತೆ ಬಿಸಿ ಮಾಡುತ್ತಿದ್ದಳು, ತಾನೂ ಉಣ್ಣದೆ. ಇಷ್ಟು ವರ್ಷ ಅವನು ಎರಡೆರಡು ಸಲ ಹಾಕಿಸಿಕೊಂಡದ್ದು ಅವಳು ಅವನ ಹಾದಿ ನೋಡಿದ ರುಚಿಯನ್ನು. ಅದಕ್ಕೇ ‘ಮೂರ್ ಮೂರ್ ಸಲ ಕುದಿಸಿ ಗಟ್ಟಿ ಮಾಡ್ತಿ’ ಎಂದು ಬೈದಿದ್ದ. ಅವನ ಕಣ್ಣಲ್ಲಿ ನೀರು ಬಂತು. (ಖಾರ ಸ್ವಲ್ಪ ಹೆಚ್ಚಾಗಿತ್ತು ಎಂದು ಆಮೇಲೆ ತಾಯಣ್ಣನಿಗೆ ಹೇಳಿದ. ನಾವು ಹಾಗೆಯೇ ನಂಬೋಣ.) ಬೆಳಗಾದ ಕೂಡಲೇ ಕರೆಯುತ್ತೇನೆ, ಗಂಡಸುತನ ಹೋದರೆ ಹೋಗಲಿ ಎಂದು ತೀರ್ಮಾನ ಮಾಡಿದ.

ಬೆಳಗಾದ ಕೂಡಲೇ ತಾಯಣ್ಣ ಬಾಗಿಲಿಗೆ ಬಂದ. ಆವತ್ತು ವಂಟಾ-ವಾರ್ಪು. ಆ ಸಮ್ಮೆಯ ದಿನಗಳಲ್ಲಿ ಇದೊಂದು ಹೊಸ ಪದ್ಧತಿ. ನಡುರಸ್ತೆಯಲ್ಲಿ ಒಲೆ ಹೂಡಿ, ಅಲ್ಲೇ ಅಡುಗೆ ಮಾಡಿ, ಅಲ್ಲೇ ಊರವರೆಲ್ಲ ಕೂತು ಉಣ್ಣುವುದು. ಗಾಡಿಗಳು ತಾವಾಗಿ ನಿಲ್ಲುತ್ತವೆ, ಹೊಡೆದಾಟವಿಲ್ಲ, ಬೈದಾಟವಿಲ್ಲ. ಆತ್ಮಕೂರಿನ ರಸ್ತೆ ಬಂದು ಹೆದ್ದಾರಿಗೆ ಸೇರುವಲ್ಲಿ ಒಲೆ ಹೂಡಿಯಾಗಿತ್ತು. ಸಾರಿನ ಹೊಣೆ ಶಿವಶಂಕರಪ್ಪನದು ಎಂದು ಸಭೆ ಠರಾವು ಮಾಡಿತ್ತು. ಯಾಕೆಂದರೆ ಹೆಂಡತಿಗೆ ಹೇಳಿದ ಹುರಳಿ ಸೂಪಿನ ಕಥೆಗಳನ್ನೆಲ್ಲ ಅವನು ಶಾಮಿಯಾನದಲ್ಲೂ ಹೇಳಿದ್ದ.

“ನಂಗೊಂದು ಫೋನ್ ಮಾಡಾಕ ಐತಿ,” ಎಂದು ಶಿವಶಂಕರಪ್ಪ ಗೋಗರೆದ. ರಾಜ್ಯಕ್ಕಿಂತ ದೊಡ್ಡ ಫೋನು ಯಾವುದು ಎಂದು ತಾಯಣ್ಣ ಕೈ ಹಿಡಿದು ಎಳೆದುಕೊಂಡು ಹೋದ. ದಾರಿಯಲ್ಲಿ ಎರಡು ಸಲ ಹಚ್ಚಿದ. ಆಗಲೂ ಅದೇ ಹೆಣ್ಣುದನಿ.

ಊರ ಹೆಂಗಸರು ಹುರಳಿ ನೆನೆ ಹಾಕಿ ತಂದಿದ್ದರು. ಮನುಷ್ಯ ಕೂರುವಷ್ಟು ದೊಡ್ಡ ಡೇಗು, ಸೌಟಿನ ಬದಲು ಗುದ್ದಲಿಯ ಹಿಡಿಯಷ್ಟು ಉದ್ದದ ಕೋಲು. ಸೀಟಿ ಇಲ್ಲದ್ದರಿಂದ ಶಿವಶಂಕರಪ್ಪನಿಗೆ ನೆಮ್ಮದಿಯಾಯಿತು. ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ತಿರುವಿದ. ಹುರಳಿ ಬೆಂದಿತು, ಒಗ್ಗರಣೆ ಬಿತ್ತು. ಆಮೇಲೆ ಅವನು ಡೇಗಿಗೆ ಯಾರೂ ಸೌಟು ಹಾಕಲು ಬಿಡಲಿಲ್ಲ. ಆರಲಿ, ಮತ್ತೆ ಕುದಿಸಬೇಕು, ಆಗಲೇ ಅದು ಸಾರು ಎಂದು ಹಟ ಹಿಡಿದ. ಅಷ್ಟರಲ್ಲಿ ರಸ್ತೆಯಲ್ಲಿ ಲಾರಿ, ಜೀಪು, ಆಟೋ ಕಣ್ಣಿಗೆ ಕಾಣುವಷ್ಟು ದೂರ ಸಾಲು ನಿಂತಿದ್ದವು. ಬಿಸಿಲೇರಿತು. ತಾಯಣ್ಣ ತಂತಿಯಿಲ್ಲದ ಮೈಕು ತಂದು ಕೈಗಿಟ್ಟು, ಗಾಡಿಯಲ್ಲಿದ್ದವರನ್ನೂ ಊಟಕ್ಕೆ ಕರೆ, ಅವರೂ ನಮ್ಮವರೇ ಎಂದ.

ಮೈಕು ಕೈಗೆ ಬಂದದ್ದೇ ಶಿವಶಂಕರಪ್ಪ ಬಸ್‌ಸ್ಟ್ಯಾಂಡಿನವನಾದ. ಮೊದಲು ತೆಲುಗಿನಲ್ಲಿ ಕೂಗಿದ. ಆಮೇಲೆ ಕನ್ನಡದಲ್ಲಿ ಶುರುಮಾಡಿದ. “ಗದ್ವಾಲ, ಗಟ್ಟು, ಆತ್ಮಕೂರು ಕಡಿಂದ ಬಂದ ಪ್ರಯಾಣಿಕರ ಗಮನಕ್ಕ...” ಗಟ್ಟು ಎಂಬ ಹೆಸರು ಬಾಯಿಗೆ ಬಂದಾಗ ಒಮ್ಮೆ ಗದ್ವಾಲದ ದಿಕ್ಕಿನ ರಸ್ತೆಯ ಕಡೆ ನೋಡಿದ. ತಡೆದು ತಡೆದು ಮುಂದುವರಿಸಿದ. “ಹುರಳಿ ಸಾರು ಆಗೈತಿ. ಊಟಕ್ಕ ಬರ್ರಿ. ಯಾರೂ ಕರೀಲಿಲ್ಲ ಅಂತ ಅಲ್ಲೇ ಕುಂದರಬ್ಯಾಡ್ರಿ. ನಾ ಕರಿಯಾಕತ್ತೀನಿ, ಬರ್ರಿ.”

ಜನ ಇಳಿದು ಬಂದರು. ರಸ್ತೆಯ ಎರಡು ಬದಿಗೆ ಪಂಕ್ತಿ ಕೂತಿತು. ಮೈಕನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಕೆಟ್ಟು ಹಿಡಿದು, ಬೆನ್ನು ಬಗ್ಗಿಸಿ ಎಲೆಯಿಂದ ಎಲೆಗೆ ಸಾರು ಬಡಿಸುತ್ತ ಹೋದ. ತಲೆ ಎತ್ತಿದರೆ ಸಾರು ಚೆಲ್ಲುತ್ತದೆ ಎಂದು ಅವನು ನೋಡುತ್ತಿದ್ದದ್ದು ಎಲೆಗಳನ್ನು ಮಾತ್ರ. ಒಂದು ಎಲೆಗೆ ಬಡಿಸಿ ಮುಂದೆ ಹೆಜ್ಜೆ ಇಟ್ಟಾಗ ಹಿಂದಿನಿಂದ ದನಿ ಬಂತು.

“ಉಪ್ಪು ಕಮ್ಮಿ ಆಗೈತಿ.”

ಶಿವಶಂಕರಪ್ಪನ ಬಕೆಟ್ಟು ರಸ್ತೆಯ ಮೇಲೆ ಕೂತಿತು. ಅವನೂ ಅದರ ಪಕ್ಕ ಕೂತ. ಚನ್ನವೀರಮ್ಮ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಎರಡನೆಯ ತುತ್ತು ಕಲಸುತ್ತಿದ್ದಳು. ಮುಖ ಸ್ವಲ್ಪ ಇಳಿದಿತ್ತು. ಪಕ್ಕದಲ್ಲಿ ಅವಳ ಚೀಲ. ಬೆಳಿಗ್ಗೆ ಅಣ್ಣ ಏಳುವ ಮೊದಲೇ ಸಿಕ್ಕಿದ ಜೀಪು ಹತ್ತಿ, ಜೂರಾಲ ಅಣೆಕಟ್ಟು ದಾಟಿ ಬಂದಿದ್ದಳಂತೆ. ಫೋನಿನ ಚಾರ್ಜು ಹಿಂದಿನ ದಿನವೇ ಮುಗಿದಿತ್ತು, ಊರಲ್ಲಿ ಕರೆಂಟು ಇರಲಿಲ್ಲ. ಅವನ ದನಿ ಕೇಳದೆ ಒಂದು ಸಂಜೆ ಕಳೆಯುವುದು ಅವಳಿಂದಲೂ ಆಗಿರಲಿಲ್ಲ.

“ಜೀಪಿನ್ಯಾಗ ಕುಂತಿದ್ದೆ,” ಎಂದಳು, ಎಲೆಯ ಕಡೆ ನೋಡುತ್ತ. “ಉಡಿ ತುಂಬಿಸಿಕೊಳ್ಳಲಾರ್ದ, ಕರೀಲಾರ್ದ ಹೋದ್ರ ಮಂದಿ ಏನಂದಾರು, ತಿರುಗಿ ಹೋಗ್ಲೇನು ಅಂತ. ಅಷ್ಟರಾಗ ನೀವು ಕರದ್ರಿ.”

ಇಷ್ಟು ದಿನ ನುಂಗಿದ್ದನ್ನು ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇಕೇ? ಆದರೆ ಶಿವಶಂಕರಪ್ಪ ಶಿವಶಂಕರಪ್ಪನೇ. ಸುತ್ತ ಊರ ಜನ ನೋಡುತ್ತಿದ್ದರು. “ಅದು ಎಲ್ಲಾರಿಗೂ ಹೇಳಿದ್ದು,” ಎಂದುಬಿಟ್ಟ.

“ಹೌದೇನ್ರಿ. ಜೀಪು ಇನ್ನಾ ಅಲ್ಲೇ ನಿಂತೈತಿ,” ಎಂದು ಚನ್ನವೀರಮ್ಮ ಚೀಲಕ್ಕೆ ಕೈ ಹಾಕಿದಳು.

“ಬ್ಯಾಡ.” ಅವನು ಚೀಲದ ಇನ್ನೊಂದು ಕಿವಿ ಹಿಡಿದುಕೊಂಡ. “ಎಲ್ಲಾರಿಗೂ ಅಲ್ಲ, ನಿನಗ ಹೇಳಿದ್ದು. ನೀ ಇಲ್ಲದ ನಂಗ ಊಟ ಸೇರವಲ್ದು. ಮನಿಗಿ ಬಾ.”

ಮೆಲ್ಲಗೆ ಹೇಳಿದ್ದ. ಆದರೆ ಕಂಕುಳಲ್ಲಿದ್ದ ಮೈಕನ್ನು ಆರಿಸಿರಲಿಲ್ಲ. ಆ ಮಾತು ಬೇವಿನ ಮರಕ್ಕೆ ಕಟ್ಟಿದ್ದ ಎರಡೂ ಲೌಡ್‌ಸ್ಪೀಕರುಗಳಿಂದ ಹೊರಟು, ಲಾರಿಗಳ ಸಾಲಿನ ಮೇಲೆ ಹಾದು, ಹೊಲದ ಕಡೆಯಿಂದ ಇನ್ನೊಮ್ಮೆ ತಿರುಗಿ ಬಂತು. ಪಂಕ್ತಿಯಲ್ಲಿ ಒಂದು ಗಳಿಗೆ ಯಾರೂ ಉಣ್ಣಲಿಲ್ಲ. ಆಮೇಲೆ ದೂರದ ಯಾವುದೋ ಲಾರಿಯವನು ಹಾರನ್ ಹೊಡೆದ. ಅವನ ಹಿಂದಿನವನೂ ಹೊಡೆದ. ಶಿವಶಂಕರಪ್ಪ ಬಕೆಟ್ಟಿನಲ್ಲಿ ಮುಖ ಮರೆಸಲು ನೋಡಿದ, ಅದರಲ್ಲಿ ಸಾರಿತ್ತು. ಚನ್ನವೀರಮ್ಮ ತಲೆ ತಗ್ಗಿಸಿ ನಕ್ಕಳು. ಎಂಕಮ್ಮ ಪಂಕ್ತಿಯಿಂದ ಎದ್ದು ಬಂದು, ಅಡುಗೆಗೆ ತಂದಿದ್ದ ಅಕ್ಕಿಯಲ್ಲಿ ಒಂದು ಬೊಗಸೆ, ಒಂದು ಬೆಲ್ಲದ ಚೂರು ತೆಗೆದು ನಡುರಸ್ತೆಯಲ್ಲೇ ಅವಳ ಉಡಿ ತುಂಬಿದಳು.

ಇಲ್ಲಿಗೆ ಶುಭಂ ಎಂದು ಶಿವಶಂಕರಪ್ಪನೂ ಅಂದುಕೊಂಡಿದ್ದ. ಮನೆಗೆ ಬಂದು ಕೈಕಾಲು ತೊಳೆದು, ಸಂಜೆ ಏನು ಸಾರು ಎಂದು ಕೇಳಿದ. ಹೆಂಡತಿಯೂ ಅದನ್ನೇ ಕೇಳಿದಳು.

“ಗಟ್ಟಿನ್ಯಾಗ ಮನಿಮನಿಗೂ ಹೇಳೀನಿ, ನಮ್ಮನಿಯವರು ಸೂಪು, ಉಸಳಿ ಎಲ್ಲಾ ಭಾಳ ಚಲೋ ಮಾಡ್ತಾರಂತ,” ಎಂದಳು. “ಒಂದ ಕೈಯಾಗ. ನನ್ನ ಮಾತು ಸುಳ್ಳು ಮಾಡಬ್ಯಾಡ್ರಿ. ಸಂಜಿ ಸಾರು ಇನ್ಮುಂದ ನಿಮ್ಮದು.”

ಅವನು ನಿಜ ಒಪ್ಪಿಕೊಳ್ಳಲು ಬಾಯಿ ತೆರೆದ. ಅದರ ಅಗತ್ಯವಿಲ್ಲ ಎಂದಳು. ಮೊದಲ ದಿನದ ಒಂದು ಸೀಟಿಯಿಂದ ಹಿಡಿದು ಗೋಡೆಗೆ ಮುಖ ಮಾಡಿ ನಿಲ್ಲುವ ತನಕ ಪ್ರತಿಯೊಂದನ್ನೂ ಎಂಕಮ್ಮ ದಿನಾ ಫೋನಿನಲ್ಲಿ ವರದಿ ಮಾಡುತ್ತಿದ್ದಳಂತೆ. ಗೊತ್ತಿದ್ದೂ ದಿನಾ ಯಾಕೆ ಕೇಳುತ್ತಿದ್ದೆ ಎಂದು ಅವನು ಕೇಳಿದ. ನೀವು ಯಾವತ್ತಾದರೂ ಒಂದು ದಿನ ಕರೆಯಬಹುದು ಅಂತ, ಎಂದಳು. ಅವನು ಹೋಗಿ ಹೆಸರುಕಾಳಿನ ಡಬ್ಬಿ ತೆಗೆದ.

ಹೀಗೆ ದಿಲ್ಲಿಯವರು ಇನ್ನೂ ಯೋಚನೆ ಮಾಡುತ್ತಿರುವಾಗಲೇ ಮಕ್ತಲಿನ ಆ ಮನೆ ವಿಭಜನೆಯಾಯಿತು. ಮುಂಜಾನೆಯ ಅಡುಗೆಮನೆ ಚನ್ನವೀರಮ್ಮನ ಆಡಳಿತ, ಸಂಜೆಯದು ಶಿವಶಂಕರಪ್ಪನ ಆಡಳಿತ. ಹುಣಸೆಹಣ್ಣು, ಬೆಲ್ಲ ಉಭಯ ಸರಕಾರಗಳಿಗೆ ಸೇರಿದ್ದು. ಹಿತ್ತಾಳೆ ಪಾತ್ರೆಯ ತಕರಾರು ಬಹಳ ದಿನ ನಡೆದು ಅವನ ಪಾಲಿಗೆ ಬಂತು. ಸಮ್ಮೆ ಮುಗಿದು ಬಸ್ಸು ತಿರುಗತೊಡಗಿದ ಮೇಲೂ ಒಪ್ಪಂದ ಬದಲಾಗಲಿಲ್ಲ. ಸಂಜೆ ಬಿಡುವಾದ ಚನ್ನವೀರಮ್ಮ ಮಠದ ಭಜನೆಗೆ ಹೋಗತೊಡಗಿದಳು. ಭಜನೆ ಮುಗಿದ ಮೇಲೆ ಎಂಕಮ್ಮನ ಜೊತೆ ಒಂದು ಮಾತು, ಇನ್ನೊಬ್ಬರ ಜೊತೆ ಒಂದು ಮಾತು.

ಕಡೆಗೆ ರಾಜ್ಯವೂ ಬಂತು. ಆ ಜೂನ್ ತಿಂಗಳ ಸಂಜೆ ಮಕ್ತಲಿನಲ್ಲಿ ಪಟಾಕಿ, ಡೊಳ್ಳು, ಗುಲಾಲು. ಬಸ್‌ಸ್ಟ್ಯಾಂಡಿನ ಮುಂದೆ ತಾಯಣ್ಣ ಮೈಕಿನಲ್ಲಿ ಕೂಗುತ್ತಿದ್ದ. ಅದಕ್ಕಾಗಿ ಗಂಟಲು ಹರಿದುಕೊಂಡ ಶಿವಶಂಕರಪ್ಪ ಎಲ್ಲಿದ್ದ? ಮನೆಯಲ್ಲಿ, ಒಲೆಯ ಮುಂದೆ. ಸಾರು ಬಿಟ್ಟು ಬರುವ ಹಾಗಿರಲಿಲ್ಲ. ಚನ್ನವೀರಮ್ಮ ಹೆಂಗಸರ ಜೊತೆ ಮೆರವಣಿಗೆ ನೋಡಲು ಹೋಗಿದ್ದಳು. ಪ್ರತಿ ಪಟಾಕಿಯ ಸದ್ದಿಗೂ ಮೆರವಣಿಗೆ ಮುಗಿಯಿತೆಂದು ತಿಳಿದು ಅವನು ಸಾರು ಬಿಸಿ ಮಾಡುತ್ತಿದ್ದ. ಬಾಗಿಲಿಗೆ ಹೋಗುತ್ತಿದ್ದ, ಬರುತ್ತಿದ್ದ. ಎದೆಯಲ್ಲಿ ಆ ಸಮ್ಮೆಯ ದಿನಗಳದೇ ಕಳವಳ. ನಾಲ್ಕು ಬೀದಿಯಾಚೆ ಇರುವ ಹೆಂಡತಿಗಾಗಿ ಈ ವಯಸ್ಸಿನಲ್ಲಿ ಹೀಗೆ ಹಂಬಲಿಸುವುದು ಅವನಿಗೇ ನಾಚಿಕೆ ತಂದಿತು. ನಾಚಿಕೊಂಡೇ ಇನ್ನೊಮ್ಮೆ ಬಿಸಿ ಮಾಡಿದ.

ಅವಳು ಕೆನ್ನೆಗೆ ಗುಲಾಲು ಹಚ್ಚಿಕೊಂಡು ಬಂದಳು. ಕೂತು ಒಂದು ತುತ್ತು ಉಂಡು, ಅವನ ಮುಖ ನೋಡಿದಳು. “ಸಾರು ಇವತ್ತು ನಂದರ ಗತೇನ ಆಗೈತಿ. ಭಾಳ ಹಾದಿ ನೋಡಿದ್ರೇನು?”

ಅವನು ಇನ್ನೊಂದು ಸೌಟು ಬಡಿಸಿದ.

“ಮತ್ತೇನರ ಹೇಳೋದೈತೇನ್ರಿ?”

ಈ ಸಲ ಶಿವಶಂಕರಪ್ಪ ತಪ್ಪು ಮಾಡಲಿಲ್ಲ. “ನಾಳಿಗಿ ಲಗೂನ ಬಾ,” ಎಂದ.

ಚನ್ನವೀರಮ್ಮ ಒಂದು ಕೈ ಕಿವಿಗೆ ಹಚ್ಚಿದಳು.

“ಹಿಂಗ ಹೇಳಿದ್ರ ನಂಗ ಕೇಳಸೋದಿಲ್ರಿ. ಹೋಗಿ ಮೈಕಿನ್ಯಾಗ ಹೇಳ್ರಿ.”